ಹತ್ತು ಕಳೆದು ಬರೆಯಿರಿ

ಬೆಂಬಲ ನಿಂತಿತು ಅಂದರೆ ನಾಳೆಯಿಂದ ಅದು ಆನ್ ಆಗುವುದಿಲ್ಲವೇ ಎಂದು ಮ್ಯಾನೇಜರು ಕೇಳಿದಂದೇ, ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವನಿಗೆ ಈ ಕಾರ್ಖಾನೆಯ ಮೇಲಿದ್ದ ಚೂರುಪಾರು ಗೌರವವೂ ಹೋಗಿತ್ತು. ಆರು ವರ್ಷ ಹಿಂದಿನ ಮಾತು. ಆರೋಗ್ಯ ಕೊಠಡಿಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ಗೆ ಅದನ್ನು ಮಾಡಿದ ಕಂಪನಿ ಇನ್ನು ಯಾವ ಅಪ್‌ಡೇಟನ್ನೂ ಕೊಡುವುದಿಲ್ಲವೆಂದು ಪರದೆಯ ಮೂಲೆಯಲ್ಲಿ ಒಂದು ಸೂಚನೆ ಎದ್ದು ಎದ್ದು ಬರುತ್ತಿತ್ತು. ಅವನು ತಾಳ್ಮೆಯಿಂದ, ಅಂದರೆ ಒಳಗೆ ಮೈ ಉರಿಯುತ್ತಿದ್ದರೂ ತಾಳ್ಮೆಯಿರುವವನ ದನಿಯಲ್ಲಿ, ವಿವರಿಸಿದ್ದ. ಆನ್ ಆಗುತ್ತದೆ ಸಾರ್. ಇವತ್ತು ಹೇಗೆ ನಡೆಯುತ್ತದೋ ನಾಳೆಯೂ ಹಾಗೇ ನಡೆಯುತ್ತದೆ. ಆದರೆ ಇನ್ನುಮೇಲೆ ಅದರಲ್ಲಿ ಎಲ್ಲಿ ತೂತು ಕಂಡರೂ ಮುಚ್ಚುವವರಿಲ್ಲ. ಹೊಸ ಸಿಸ್ಟಮ್ ಹಾಕಬೇಕು. ಈ ಹಳೆಯ ಪೆಟ್ಟಿಗೆ ಅದನ್ನು ತಡೆದುಕೊಳ್ಳದಿದ್ದರೆ ಪೆಟ್ಟಿಗೆಯನ್ನೇ ಬದಲಾಯಿಸಬೇಕು. ಎರಡೂ ಆಗದಿದ್ದರೆ ನೆಟ್‌ವರ್ಕಿನ ವಯರು ಕಿತ್ತು, ಯಾರಿಗೂ ಪೆನ್‌ಡ್ರೈವ್ ಚುಚ್ಚಲು ಬಿಡದೆ, ಇರುವ ಮಾಹಿತಿಗೆಲ್ಲ ಬೇರೆ ಕಡೆ ಪ್ರತಿ ಇಟ್ಟು, ಒಂದೇ ಕೆಲಸಕ್ಕೆಂದು ಅದನ್ನು ಒಂಟಿಯಾಗಿ ಕೂರಿಸಬೇಕು, ಅದೂ ಸ್ವಲ್ಪ ದಿನದ ಮಟ್ಟಿಗೆ. ಮ್ಯಾನೇಜರು ಪೆನ್ನಿನ ಮುಚ್ಚಳವನ್ನು ಕಿವಿಯೊಳಗೆ ತಿರುಗಿಸುತ್ತ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಯಾಕೆ, ನೀವಿದ್ದೀರಲ್ಲ" ಎಂದಿದ್ದರು. ಆ ಮಾತಿನ ಮೇಲೆ ಅವನಿಗೆ ಹೇಸಿಗೆಯೇ ಹುಟ್ಟಿತ್ತು. ಹಾಗಿದ್ದೂ ಅವತ್ತು ಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಅದನ್ನು ಹೇಳಿದ. ಅವಳು "ಹೌದಾ" ಎಂದು ಬಟ್ಟೆ ಮಡಚುತ್ತಲೇ ಇದ್ದಳು. ಅವಳಿಗೆ ಸರಿಯಾಗಿ ಕೇಳಿಸಿರಲಾರದು ಎಂದುಕೊಂಡು ಊಟದ ಹೊತ್ತಿಗೆ ಇನ್ನೊಂದು ಸಲ ಹೇಳಿದ. ಆಗಲೂ ಅವಳು "ಹೌದಾ" ಎಂದಳು.

ಆ ಕಂಪ್ಯೂಟರಿನ ಕೊನೆಯ ದಿನ ಇವತ್ತು. ವಿಮೆಯವರು ಬಂದು ನೋಡಿ, ಇಂಥ ಯಂತ್ರದಿಂದ ತೆಗೆದ ಉಸಿರಿನ ಪರೀಕ್ಷೆಯ ಫಲಿತಾಂಶಗಳನ್ನು ನಾವು ಒಪ್ಪುವುದಿಲ್ಲ ಎಂದ ಮೇಲೆ ಮ್ಯಾನೇಜರಿಗೆ ದಿಢೀರನೆ ಜ್ಞಾನೋದಯವಾಗಿತ್ತು; ಅವನು ಆರು ವರ್ಷ ಬಾಯಿ ಬಡಿದುಕೊಂಡದ್ದನ್ನು ಅವನಿಗೇ ಹೊಸ ಸಂಗತಿಯೆಂಬಂತೆ ಮೀಟಿಂಗಿನಲ್ಲಿ ವಿವರಿಸಿದ್ದರು. ಅವನು ಮರ ಉಜ್ಜುವ ಹಾಲಿನ ಮೂಲಕ ಆರೋಗ್ಯ ಕೊಠಡಿಯ ಕಡೆ ನಡೆದ. ಕುರ್ಚಿಯ ಕಾಲುಗಳು, ಮೇಜಿನ ಹಲಗೆಗಳು, ಮಂಚದ ತಲೆಗಟ್ಟುಗಳು ಸಾಲಾಗಿ ಬಿದ್ದಿದ್ದವು. ಗಾಳಿಯಲ್ಲೆಲ್ಲ ಹಿಟ್ಟಿನಂತೆ ಮರದ ಧೂಳು. ಧೂಳಿಗೆಂದು ಕೊಟ್ಟ ಮುಖಗವಸನ್ನು ಅರ್ಧ ಜನ ಗಲ್ಲಕ್ಕೆ ಇಳಿಸಿಕೊಂಡು ಹರಟುತ್ತಿದ್ದರು. ಆಮೇಲೆ ಇವರೇ ಕೆಮ್ಮು ಅನ್ನುತ್ತಾರೆ. ಹಾಲಿನ ಕೊನೆಗೆ ಗಾಜಿನ ಕೋಣೆ, ಅದರಲ್ಲಿ ಪಾಲಿಶ್ ಸ್ಪ್ರೇ ಮಾಡುವವರು. ಆ ಗಾಜಿನ ಹತ್ತಿರ ಬಂದಾಗಲೆಲ್ಲ ಅವನು ಮೊಬೈಲು ತೆಗೆದು ನೋಡುವವನಂತೆ ತಲೆ ತಗ್ಗಿಸುತ್ತಿದ್ದ. ಒಳಗೆ ಅವನ ಭಾವಮೈದ, ಹೆಂಡತಿಯ ತಮ್ಮ, ಸ್ಪ್ರೇ ಗನ್ನು ಹಿಡಿದು ನಿಂತಿರುತ್ತಿದ್ದ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವನು ಸಣ್ಣ. ನಲವತ್ತೊಂದು ತುಂಬಿದರೂ ಸಣ್ಣ. ಕಂಡರೆ ಸಾಕು, ಗನ್ನನ್ನೇ ಎತ್ತಿ ಎಲ್ಲರೆದುರು ಕೈ ಬೀಸುತ್ತಾನೆ. ಇವನನ್ನು ಈ ಕೆಲಸಕ್ಕೆ ಸೇರಿಸಿದ್ದು ತಾನು ಎನ್ನುವುದು ನೆನಪಾದಾಗಲೆಲ್ಲ, ಎರವಲು ಅಂಗಿ ತೊಟ್ಟವನಿಗೆ ಅದರ ಒಡೆಯ ಎದುರಾದಂತೆ ಅವನಿಗೆ ಮುಜುಗರವಾಗುತ್ತಿತ್ತು. ಆದರೆ ಅಂಗಿ ತೊಟ್ಟವನು ಯಾರು, ಒಡೆಯ ಯಾರು ಎಂದು ಅವನು ಯೋಚಿಸಿರಲಿಲ್ಲ.

ಬೆಳಿಗ್ಗೆ ಹೆಂಡತಿ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತ, "ಇವತ್ತು ಸಣ್ಣನಿಗೆ ಊದೋ ಪರೀಕ್ಷೆ ಅಂತೆ. ಸ್ವಲ್ಪ ನೋಡ್ರೀ" ಎಂದಿದ್ದಳು. ನೋಡುವುದೇನಿದೆ, ಕೊಳವೆ ಬಾಯಿಗಿಟ್ಟುಕೊಂಡು ಊದಬೇಕು ಅಷ್ಟೆ, ಎಂದ. "ಅವನು ಪ್ಯಾಕಿಂಗ್‌ಗೆ ಹಾಕಿ ಅಂತ ಈ ಸಲಾನೂ ಕೇಳಿದಾನಂತೆ" ಎಂದಳು. ಅವನು ನಕ್ಕ. ಎರಡು ವರ್ಷದಿಂದ ಇದೇ ಹಾಡು. ಸ್ಪ್ರೇ ಕೋಣೆಯಲ್ಲಿ ನಿಂತರೆ ಎದೆ ಕಟ್ಟುತ್ತದೆ, ಉಸಿರು ಸಾಲುವುದಿಲ್ಲ, ಪ್ಯಾಕಿಂಗ್ ವಿಭಾಗಕ್ಕೆ ಹಾಕಿ. ಎರಡು ವರ್ಷವೂ ಪರೀಕ್ಷೆ ಆಯಿತು, ಎರಡು ವರ್ಷವೂ ಎಲ್ಲ ಸರಿಯಿದೆಯೆಂದು ಹಸಿರು ಬಂತು, ಅರ್ಜಿ ವಾಪಸ್ಸಾಯಿತು. ಯಂತ್ರ ಸುಳ್ಳು ಹೇಳುತ್ತದೆಯೇ? ಪ್ಯಾಕಿಂಗಿನವರು ಕೂತು ಕೆಲಸ ಮಾಡುತ್ತಾರೆ, ಫ್ಯಾನಿರುತ್ತದೆ, ಮಧ್ಯೆ ಮಧ್ಯೆ ಹಾಡು ಹಾಕಿಕೊಳ್ಳುತ್ತಾರೆ; ಯಾರಿಗೆ ಬೇಡ? ಭಾವಮೈದ ಮನೆಗೆ ಬಂದರೆ ಮೂರನೇ ಮಹಡಿಗೆ ಹತ್ತುವಾಗ ಎರಡನೆಯದರ ತಿರುವಿನಲ್ಲಿ ಕೂತುಬಿಡುತ್ತಿದ್ದ. ಕೆಳಗಿನಿಂದ ಚಪ್ಪಲಿಯ ಸದ್ದು ಬರುತ್ತ ಬರುತ್ತ ಅಲ್ಲಿ ನಿಂತುಹೋಗುವುದು ಇವನಿಗೆ ಬಾಗಿಲ ಹಿಂದೆ ಕೇಳುತ್ತಿತ್ತು. "ನೋಡು, ನಿನ್ನ ತಮ್ಮನ ನಾಟಕ ಶುರುವಾಯ್ತು. ಈಗ ಬೆಲ್ ಮಾಡೋದಿಲ್ಲ. ನೀನಾಗಿ ಬಾಗಿಲು ತೆಗೆದು ಅಯ್ಯೋ ಅನ್ನಬೇಕು" ಎಂದು ಅವನು ಪಿಸುಗುಡುತ್ತಿದ್ದ. ಮೊದಮೊದಲು ಅವಳು ಓಡಿ ಹೋಗಿ ಬಾಗಿಲು ತೆಗೆಯುತ್ತಿದ್ದಳು. ಆಮೇಲಾಮೇಲೆ ಅವಳೂ ಬೆಲ್ ಆಗುವವರೆಗೆ ಕಾಯತೊಡಗಿದಳು. ಅದನ್ನು ಗಮನಿಸಿದ ದಿನ ಅವನಿಗೆ ಹಿತವಾಗಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ವಿಷಯದಲ್ಲಾದರೂ ಇವಳಿಗೆ ಬುದ್ಧಿ ಬಂತಲ್ಲ ಅನಿಸಿತ್ತು.

ಆರೋಗ್ಯ ಕೊಠಡಿಯಲ್ಲಿ ಸ್ಪಿರಿಟ್ಟಿನ ವಾಸನೆಗಿಂತ ಹೊಸ ಥರ್ಮಾಕೋಲಿನ ವಾಸನೆಯೇ ಹೆಚ್ಚಾಗಿತ್ತು. ಹೊಸ ಕಂಪ್ಯೂಟರು ಹಳೆಯದರ ಪಕ್ಕದಲ್ಲಿ, ಬೀಗರ ಮನೆಯ ಮದುವಣಗಿತ್ತಿಯ ಹಾಗೆ ಅರ್ಧ ಪ್ಲಾಸ್ಟಿಕ್ಕು ಹೊದ್ದು ಕೂತಿತ್ತು. ಅದನ್ನು ಜೋಡಿಸಲು ಬಂದ ಕಂಪನಿಯವನು ಬಿಗಿಯಾದ ಪ್ಯಾಂಟು ಹಾಕಿಕೊಂಡು ಮಂಡಿಯೂರಿ ವಯರು ಹುಡುಕುತ್ತಿದ್ದ. ಪ್ರತಿ ಎರಡು ಮಾತಿಗೊಮ್ಮೆ "ತುಂಬಾ ಸಿಂಪಲ್ ಸಾರ್" ಅನ್ನುತ್ತಿದ್ದ. ಡಾಕ್ಟರು ವಾರಕ್ಕೆರಡು ದಿನ ಬರುವವರು. ಬಂದಾಗಲೂ ಅವರ ಕಣ್ಣು ಗೋಡೆ ಗಡಿಯಾರದ ಮೇಲಿರುತ್ತಿತ್ತು. ಫಲಿತಾಂಶದ ಹಾಳೆಯಲ್ಲಿ ಗೆರೆಗಳಿರುತ್ತವೆ, ಅಂಕಿಗಳಿರುತ್ತವೆ. ಡಾಕ್ಟರು ಅವೆಲ್ಲವನ್ನೂ ಹಾರಿಸಿ ಕೆಳಗಿನ ಬಣ್ಣ ನೋಡುತ್ತಿದ್ದರು. ಹಸಿರಾದರೆ ಸಹಿ, ಕೆಂಪಾದರೆ ನಿಟ್ಟುಸಿರು ಮತ್ತು ಸಹಿ. ಇನ್ನು ನರ್ಸಮ್ಮ. ಕಾರ್ಖಾನೆಯ ಗಂಡಸರನ್ನೆಲ್ಲ ಕೊಳವೆ ಕಚ್ಚಿಸಿ, ಮೂಗಿಗೆ ಕ್ಲಿಪ್ಪು ಹಾಕಿ, "ಊದಿ, ಊದಿ, ಊದಿ, ನಿಲ್ಲಿಸ್ಬೇಡಿ, ಇನ್ನೂ ಇದೆ ಇನ್ನೂ ಇದೆ" ಎಂದು ಹೆರಿಗೆ ಮಾಡಿಸುವವಳಂತೆ ಅರಚುವ ಗಟ್ಟಿ ಹೆಂಗಸು, ಅವನು ಒಳಗೆ ಕಾಲಿಟ್ಟರೆ ಮಾತ್ರ ಕುರ್ಚಿಯಿಂದ ಎದ್ದು ಮೌಸನ್ನು ಬಿಟ್ಟು ದೂರ ನಿಲ್ಲುತ್ತಿದ್ದಳು. ಸೇರಿದ ಹೊಸತರಲ್ಲಿ ಅವಳು ಒಂದು ಸಲ, ಸಾರ್ ಇದ್ಯಾಕೆ ಹೀಗೆ ಬರ್ತಿದೆ ಎಂದು ಕೇಳಿದ್ದಳು. "ನೀವು ಮುಟ್ಟಿದ್ದಕ್ಕೆ" ಎಂದಿದ್ದ. ಅವಳು ಮತ್ತೆ ಯಾವತ್ತೂ ಏನನ್ನೂ ಕೇಳಲಿಲ್ಲ. ಕೇಳದೆ ಇರುವವರನ್ನು ಕಂಡರೆ ಅವನಿಗೆ ಎಷ್ಟೋ ವಾಸಿ ಅನಿಸುತ್ತಿತ್ತು.

ಹಳೆಯದರ ಕಥೆ ಇಷ್ಟು. ಉಸಿರು ಅಳೆಯುವ ಆ ಪ್ರೋಗ್ರಾಮು ಮಾಡಿದ ಕಂಪನಿ ಅಂಗಡಿ ಮುಚ್ಚಿಕೊಂಡು ಹೋಗಿತ್ತು. ಹೋಗುವ ಮೊದಲು ಒಂದು ಉಪಕಾರ ಮಾಡಿತ್ತು: ಒಂದು ತಾರೀಕಿನ ಮೇಲೆ ಪ್ರೋಗ್ರಾಮು ತೆರೆದುಕೊಳ್ಳದಂತೆ ಬೀಗ ಜಡಿದಿತ್ತು. ಹೊಸ ಸಿಸ್ಟಮ್‌ನಲ್ಲಿ ಅದು ನಡೆಯುವುದಿಲ್ಲ, ಹಳೆಯದರಲ್ಲಿ ತಾರೀಕು ದಾಟಿತೆಂದು ತೆರೆಯುವುದಿಲ್ಲ. ಅವನು ಕಂಪ್ಯೂಟರಿನ ಗಡಿಯಾರವನ್ನೇ ಹತ್ತು ವರ್ಷ ಹಿಂದಕ್ಕೆ ತಿರುಗಿಸಿದ. ಪ್ರೋಗ್ರಾಮು ಸುಮ್ಮನೆ ತೆರೆದುಕೊಂಡಿತು. ಒಂದೇ ತೊಡಕು. ಅದು ಊದುವವನ ವಯಸ್ಸನ್ನು ತನ್ನ ಗಡಿಯಾರದಿಂದ ಲೆಕ್ಕ ಹಾಕುತ್ತದೆ, ಆ ವಯಸ್ಸಿನವನ ಉಸಿರು ಎಷ್ಟಿರಬೇಕೋ ಅದಕ್ಕೆ ಹೋಲಿಸಿ ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಗಡಿಯಾರ ಹತ್ತು ವರ್ಷ ಹಿಂದೆ ಹೋದರೆ ಎಲ್ಲರೂ ಹತ್ತು ವರ್ಷ ಚಿಕ್ಕವರಾಗುತ್ತಾರೆ. ಅದಕ್ಕೇ ಅವನು ನರ್ಸಮ್ಮನನ್ನು ಕರೆದು, ಹುಟ್ಟಿದ ವರ್ಷ ಹಾಕುವಾಗ ಹತ್ತು ಕಳೆದು ಬರೆಯಿರಿ ಎಂದ. ಎಂಬತ್ತೈದರಲ್ಲಿ ಹುಟ್ಟಿದವನಿಗೆ ಎಪ್ಪತ್ತೈದು. ಲೆಕ್ಕ ಸರಿಹೋಗುತ್ತದೆ. ಅವಳು ಯಾಕೆ ಎನ್ನುವ ಹಾಗೆ ಬಾಯಿ ತೆರೆದಳು. "ಯಾಕೆ ಅಂತ ತಲೆ ಕೆಡಿಸ್ಕೋಬೇಡಿ. ಹತ್ತು ಕಳೀರಿ. ಬೆರಳು ಎಣಿಸೋಕೆ ಬರುತ್ತಲ್ಲ" ಎಂದ. ಏಳೋ ಒಂಬತ್ತೋ ವರ್ಷ ಹಿಂದಿಟ್ಟರೂ ಆಗುತ್ತಿತ್ತು. ಇವಳ ಮಟ್ಟಕ್ಕೆಂದೇ ಹತ್ತು ಇಟ್ಟಿದ್ದ.

ಪರೀಕ್ಷೆ ಶುರುವಾಯಿತು. ಇವತ್ತು ಪ್ರತಿಯೊಬ್ಬರೂ ಎರಡರಲ್ಲೂ ಊದಲಿ, ಹೋಲಿಸಿ ನೋಡೋಣ ಎಂದು ಡಾಕ್ಟರು ಹೇಳಿದ್ದರು. ಹಳೆಯದರಲ್ಲಿ ನರ್ಸಮ್ಮ ಎಂದಿನಂತೆ ಹೆಸರು, ಎತ್ತರ, ಹುಟ್ಟಿದ ವರ್ಷ ಒತ್ತಿ ಊದಿಸುವುದು. ಹೊಸದರಲ್ಲಿ ನೌಕರನ ನಂಬರು ಕೊಟ್ಟರೆ ಮಿಕ್ಕಿದ್ದೆಲ್ಲ ಕಚೇರಿಯ ದಾಖಲೆಯಿಂದ ತಾನಾಗಿ ಬರುತ್ತಿತ್ತು. ಮೊದಲು ಬಂದ ಬಡಗಿ ಎರಡರಲ್ಲೂ ಹಸಿರು. ಎರಡನೆಯವನು, ಮರ ಉಜ್ಜುವ ಹಾಲಿನ ದಾಂಡಿಗ, ಎರಡರಲ್ಲೂ ಹಸಿರು. ಡಾಕ್ಟರು ಬಣ್ಣ ನೋಡಿ ತಲೆಯಾಡಿಸಿದರು. ಕಂಪನಿಯವನು ತುಂಬಾ ಸಿಂಪಲ್ ಎಂದ. ಅವನು ಕಿಟಕಿಗೆ ಒರಗಿ ನಿಂತು, ಹೊಸದು ಎಲ್ಲಾದರೂ ಎಡವಲಿ ಎಂದು ಕಾಯುತ್ತಿದ್ದ. ಆರು ವರ್ಷ ಉಸಿರು ಹಿಡಿದು ಕಾಪಾಡಿದ್ದನ್ನು ಗುಜರಿಗೆ ಹಾಕುವ ದಿನ ಇಷ್ಟು ಸಲೀಸಾಗಿ ನಡೆದುಹೋಗಬಾರದು ಎಂದು ಅವನಿಗಿತ್ತು. ಮಂತ್ರಿಯ ಕುರ್ಚಿ ಹೋದರೆ ಹಾರ ಹಾಕಿ ಕಳಿಸುತ್ತಾರೆ. ಇಲ್ಲಿ ಒಬ್ಬರಾದರೂ, ಸಾರ್ ಇಷ್ಟು ದಿನ ಇದನ್ನು ಹೇಗೆ ನಡೆಸಿದಿರಿ ಎಂದು ಕೇಳಬಹುದಿತ್ತು. ಕೇಳಿದರೂ ಇವರಿಗೆ ಅರ್ಥವಾಗುವಂಥದಲ್ಲ.

ಮೂರನೆಯವನಾಗಿ ಭಾವಮೈದ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ರೆಪ್ಪೆಯ ಮೇಲೆಲ್ಲ ಪಾಲಿಶಿನ ಬಿಳಿ ಪುಡಿ. "ಭಾವ, ನೀವೂ ಇದೀರಾ" ಎಂದು ಹಲ್ಲು ಬಿಟ್ಟ. ಕಂಪನಿಯವನು, ಡಾಕ್ಟರು ಇಬ್ಬರೂ ಇವನತ್ತ ತಿರುಗಿದರು. ಹೌದು, ನಮ್ಮ ಮನೆಯವರ ಕಡೆಯವನು ಎಂದು ಅವನು ಎಲ್ಲಿಯೋ ನೋಡುತ್ತ ಹೇಳಿದ. ಭಾವಮೈದ ಕೊಳವೆಯನ್ನು ಬಾಯಿಗಿಟ್ಟುಕೊಂಡ. ಎಷ್ಟು ವಿಧೇಯವಾಗಿ ಊದುತ್ತಾನೆ, ಕಣ್ಣು ಮುಚ್ಚಿಕೊಂಡು, ಕೈ ತೊಡೆಯ ಮೇಲೆ ಊರಿ, ಕತ್ತಿನ ನರ ಉಬ್ಬಿಸಿ. "ಇನ್ನೂ ಇದೆ ಇನ್ನೂ ಇದೆ" ಎಂದು ನರ್ಸಮ್ಮ ಕೂಗುತ್ತಿದ್ದಳು. ಇರಲಿಲ್ಲ. ಕೊನೆಗೆ ಒಂದು ಸಿಳ್ಳೆಯಂಥ ಸದ್ದು ಬಂದು ಕೆಮ್ಮು ಹಿಡಿಯಿತು. ನಾಟಕ, ಎಂದುಕೊಂಡ ಅವನು. ಹಳೆಯ ಪರದೆಯಲ್ಲಿ ಎಂಬತ್ತೊಂದು ಬಂತು. ಎಂಬತ್ತರ ಮೇಲಿದ್ದರೆ ಹಸಿರು. ನೋಡಿದೆಯಾ ಎಂದು ಅವನು ಮನಸ್ಸಿನಲ್ಲೇ ಹೆಂಡತಿಗೆ ಹೇಳಿದ. ಭಾವಮೈದ ನೀರು ಕುಡಿದು, ಸುಧಾರಿಸಿಕೊಂಡು, ಹೊಸದರ ಕೊಳವೆಗೆ ಊದಿದ. ಹೊಸ ಪರದೆ ಎಪ್ಪತ್ತಮೂರು ಎಂದಿತು, ಕೆಂಪಾಯಿತು.

ಮತ್ತೊಮ್ಮೆ ಊದಿಸಿದರು. ಎಪ್ಪತ್ತಮೂರೇ. ಡಾಕ್ಟರು ಗಡಿಯಾರ ನೋಡಿ, ಹೊಸ ಯಂತ್ರ ನೋಡಿ, "ಏನ್ರೀ ಇದು, ಬಂದ ದಿನವೇ ಕೈಕೊಡ್ತು" ಎಂದರು. ಕಂಪನಿಯವನು, ಇಲ್ಲ ಸಾರ್, ಕಂಪನಿಯಿಂದ ಪರೀಕ್ಷೆ ಮಾಡಿಸಿಯೇ ತಂದಿದ್ದೇವೆ, ಎಂದು ಬೆವರತೊಡಗಿದ. ಸಿಂಪಲ್ ಎನ್ನುವ ಮಾತು ಅವನ ಬಾಯಿಂದ ಹೋಗಿಬಿಟ್ಟಿತ್ತು. ಅಷ್ಟರಲ್ಲಿ ಮ್ಯಾನೇಜರು, ಎಲ್ಲಿಗೆ ಬಂತು ಎಂದು ವಿಚಾರಿಸಲು ಬಂದವರು, ಕಥೆ ಕೇಳಿ, "ಹಳೇದು ಆರು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ನಮ್ಮವರು ಹಾಗೆ ಇಟ್ಟಿದ್ರು" ಎಂದು ಅವನ ಕಡೆ ಕೈ ಮಾಡಿದರು. ಆಹಾ, ಕೊನೆಗೂ. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. "ನೀವೇ ನೋಡಿ ಹೇಳಿ. ಯಾವುದು ಸರಿ?" ಎಂದರು ಡಾಕ್ಟರು. ಅವನು ಅವಸರ ಮಾಡಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ನರ್ಸಮ್ಮ ಕುರ್ಚಿ ಬಿಟ್ಟು ಎದ್ದಳು. ಅವನು ಕೂತು, ಕಂಪನಿಯವನಿಗೆ ಹೇಳಬೇಕಾದ ಮಾತನ್ನು, ಹೊಸದೆಲ್ಲ ಒಳ್ಳೆಯದು ಎನ್ನುವುದು ನಿಮ್ಮಂಥವರ ಭ್ರಮೆ ಎಂಬಂಥ ಒಂದು ಮಾತನ್ನು, ಬಾಯಲ್ಲಿ ಆಗಲೇ ರೂಪಿಸಿಕೊಳ್ಳುತ್ತ, ಎರಡು ಪರದೆಗಳನ್ನೂ ಸಾಲು ಸಾಲಾಗಿ ಓದತೊಡಗಿದ. ಹೆಸರು ಒಂದೇ. ಎತ್ತರ ಒಂದೇ. ಊದಿದ ಗಾಳಿಯ ಪ್ರಮಾಣ, ಕೂದಲೆಳೆಯ ವ್ಯತ್ಯಾಸ ಬಿಟ್ಟರೆ, ಒಂದೇ. ವಯಸ್ಸು ಹೊಸದರಲ್ಲಿ ನಲವತ್ತೊಂದು. ಹಳೆಯದರಲ್ಲಿ ಐವತ್ತೊಂದು.

ಅವನು ಇನ್ನೊಮ್ಮೆ ಓದಿದ. ಹುಟ್ಟಿದ ವರ್ಷದಲ್ಲಿ ಹತ್ತು ಕಡಿಮೆ ಇತ್ತು. ಅದು ಸರಿಯೇ, ಗಡಿಯಾರವೂ ಹತ್ತು ವರ್ಷ ಹಿಂದಿದ್ದಿದ್ದರೆ. ಪರದೆಯ ಮೂಲೆಯ ಗಡಿಯಾರ ಇವತ್ತಿನ ತಾರೀಕನ್ನು, ಈ ವರ್ಷವನ್ನು ತೋರಿಸುತ್ತಿತ್ತು. ಅದನ್ನು ಸರಿ ಮಾಡಿದವನು ಅವನೇ. ಎರಡು ವರ್ಷ ಮೀರಿತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಇಲ್ಲಿಗೆ ಬಂದು ಒಬ್ಬನೇ ಕೂತು ಪ್ರೋಗ್ರಾಮಿನ ಒಳಗಿನ ಒಂದು ಪುಟ್ಟ ಕಡತವನ್ನು ಬಿಚ್ಚಿ, ಬೀಗ ಎಲ್ಲಿದೆ ಎಂದು ಕಂಡುಹಿಡಿದು, ಕಿತ್ತುಹಾಕಿದ್ದ. ಆಮೇಲೆ ಅದಕ್ಕೆ ತಾರೀಕಿನ ಹಂಗೇ ಇರಲಿಲ್ಲ. ಹಿಂದೆ ತಿರುಗಿಸಿದ ಗಡಿಯಾರ ಅವನ ಕಣ್ಣಿಗೆ ಆರಂಭದಿಂದಲೂ ಮುರುಕು ಉಪಾಯ. ಅದನ್ನು ಅವತ್ತೇ ಮುಂದಕ್ಕೆ ತಂದು ನೆಟ್ಟಗೆ ನಿಲ್ಲಿಸಿದ. ಆ ಕ್ಷಣದ ಸುಖ ಅವನಿಗೆ ಇನ್ನೂ ನೆನಪಿತ್ತು. ಬೆವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಯಾರಿಗಾದರೂ ಹೇಳಬೇಕು ಎಂದು ಸುತ್ತ ನೋಡಿದಾಗ ನರ್ಸಮ್ಮ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದಿದ್ದಳು. ಇವಳಿಗೆ ಹೇಳುವುದೇ? ಹೇಳಿದರೆ ಏನು ತಿಳಿದೀತು? ಅವನು ಎದ್ದು ಅವಳ ಪಕ್ಕದಿಂದಲೇ ಹೊರಗೆ ನಡೆದಿದ್ದ. ಹೇಳಬೇಕಾಗಿದ್ದದ್ದು ಮೂರೇ ಮಾತು: ಇನ್ನು ಹತ್ತು ಕಳೆಯಬೇಡಿ.

ಆ ಹೊತ್ತಿನಿಂದ ಇವತ್ತಿನವರೆಗೆ ಈ ಕಾರ್ಖಾನೆಯ ಪ್ರತಿಯೊಬ್ಬನ ಉಸಿರನ್ನೂ ಅವನಿಗಿಂತ ಹತ್ತು ವರ್ಷ ಮುದುಕನ ಉಸಿರಿಗೆ ಹೋಲಿಸಿ ಪಾಸು ಮಾಡಲಾಗಿತ್ತು. ಗಟ್ಟಿ ಇದ್ದವರಿಗೆ ಅದರಿಂದ ಏನೂ ಆಗಿರಲಿಲ್ಲ, ಹಸಿರು ಹಸಿರೇ ಉಳಿಯಿತು. ಅಂಚಿನಲ್ಲಿದ್ದವರು ಮಾತ್ರ ಕೆಂಪಾಗುವ ಬದಲು ಹಸಿರಿಗೆ ಬಿದ್ದಿದ್ದರು. ಅದರ ಹಿಂದೆಯೇ, ಕರೆಯದೆ, ಹೋದ ವರ್ಷದ ಒಂದು ಭಾನುವಾರದ ಊಟ ನೆನಪಿಗೆ ಬಂತು. ಭಾವಮೈದ, ಅವನ ಹೆಂಡತಿ ಮಕ್ಕಳು, ಅತ್ತೆ, ಎಲ್ಲ ಕೂತಿದ್ದರು. "ಭಾವ, ಆ ಊದೋ ಹಾಳೇಲಿ ನನ್ನ ವಯಸ್ಸು ಐವತ್ತು ಅಂತ ಬಂದಿದೆ. ನಂಗೆ ನಲವತ್ತಲ್ವಾ?" ಎಂದು ಸಣ್ಣ ಕೇಳಿದ್ದ, ಬಾಯಲ್ಲಿ ತುತ್ತಿಟ್ಟುಕೊಂಡೇ. ಅವನು ತಟ್ಟೆಯಿಂದ ತಲೆಯೆತ್ತದೆ, "ಮಿಷನ್ನಿಗೆ ನಿನ್ನ ಮುಖ ನೋಡಿ ಹಾಗನ್ನಿಸಿರಬೇಕು" ಎಂದಿದ್ದ. ಎಲ್ಲರೂ ನಕ್ಕರು. ಮಕ್ಕಳು ಅಪ್ಪನ ಮುಖ ನೋಡಿ ನೋಡಿ ನಕ್ಕರು. ಸಣ್ಣನ ಅಕ್ಕ, ಗಂಡನ ಮಾತಿಗೆ ಯಾವತ್ತೂ ನಗದವಳು, ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದಳು. ಸಣ್ಣನೂ ನಕ್ಕು, ನಗು ಕೆಮ್ಮಿಗೆ ತಿರುಗಿ, ಎದ್ದು ಹೊರಗೆ ಹೋಗಿದ್ದ. ಎಷ್ಟೋ ದಿನ ತಾನು ಆ ಮಾತನ್ನು ನೆನೆಸಿಕೊಂಡು ಖುಷಿಪಟ್ಟಿದ್ದ. ಒಂದು ಗಳಿಗೆ ತಲೆಯೆತ್ತಿ ಆ ಹಾಳೆ ಕೊಡು ನೋಡೋಣ ಎಂದಿದ್ದರೆ ಸಾಕಿತ್ತು. ತಪ್ಪನ್ನು ತಟ್ಟೆಯ ಪಕ್ಕಕ್ಕೇ ತಂದು ಬಡಿಸಿದ್ದ, ಪಾಪ, ಪೆದ್ದ. ತಾನು ಅದರ ಮೇಲೆ ಉಪ್ಪು ಸುರಿದುಕೊಂಡು ತಿಂದಿದ್ದ.

"ಏನಂತೆ?" ಎಂದರು ಮ್ಯಾನೇಜರು.

ಹೊಸದಕ್ಕೆ ಇನ್ನೂ ಹದ ಕೂತಿಲ್ಲ ಎಂದರಾಯಿತು. ಮ್ಯಾನೇಜರು ಹೂಂ ಅನ್ನುತ್ತಾರೆ, ಡಾಕ್ಟರು ಸಹಿ ಹಾಕುತ್ತಾರೆ. ಕಂಪನಿಯವನು ಒಂದಿಷ್ಟು ಕೂಗಾಡಿ, ಆಮೇಲೆ ಯಂತ್ರದಲ್ಲೇ ಏನೋ ಇದೆಯೆಂದು ತಾನೇ ನಂಬಿ ಅದನ್ನು ಬಿಚ್ಚತೊಡಗುತ್ತಾನೆ. ಆ ಹೊತ್ತಿಗೆ ತಾನು ಗಡಿಯಾರವನ್ನು ಸದ್ದಿಲ್ಲದೆ ಹಿಂದಕ್ಕೆ ತಳ್ಳಿಬಿಡಬಹುದು. ಎಷ್ಟು ಸುಲಭವಾಗಿತ್ತು ಎಂದರೆ, ಇಷ್ಟು ಸುಲಭವಾಗಿ ಮೋಸ ಹೋಗಲು ಸಾಲಾಗಿ ನಿಂತಿರುವ ಇವರನ್ನು ಕಂಡು ಅವನಿಗೆ ಅಸಹ್ಯವೇ ಆಯಿತು. ಯಾರಾದರೂ ಒಬ್ಬರು ಬಗ್ಗಿ ಪರದೆ ನೋಡಬಾರದೇ? ಎರಡೂ ಅಂಕಿಗಳು ಅಂಗೈ ಅಗಲದಲ್ಲಿ ಹೊಳೆಯುತ್ತಿದ್ದವು. ಡಾಕ್ಟರು ಗಡಿಯಾರ ನೋಡುತ್ತಿದ್ದರು. ಮ್ಯಾನೇಜರು ಅವನ ಬಾಯನ್ನೇ ನೋಡುತ್ತಿದ್ದರು. ಭಾವಮೈದ ಸ್ಟೂಲಿನ ಮೇಲೆ, ಮೂಗಿನ ಕ್ಲಿಪ್ಪನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು ಕೂತಿದ್ದ. ಆ ಕೆಂಪು ಬಣ್ಣ ಕಂಡಾಗ ಅವನ ಮುಖದಲ್ಲಿ ಏನೋ ಹೊತ್ತಿಕೊಂಡಿತ್ತು. ಹಳೆಯದೇ ಸರಿ ಎಂದು ಮ್ಯಾನೇಜರು ಹೇಳಿದ ಮೇಲೆ ಅದು ಆರುತ್ತ ಬಂದಿತ್ತು. ಅವನು ಕ್ಲಿಪ್ಪನ್ನು ಮೇಜಿನ ಮೇಲಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದ.

"ಬಿಡಿ ಸಾರ್. ಭಾವ ನೋಡ್ತಿದಾರಲ್ಲ, ಅವರಿಗೆ ಗೊತ್ತಿರುತ್ತೆ. ನಾನು ಹೋಗಿ ಕೆಲಸ ನೋಡ್ತೀನಿ, ಒಂದು ಮಂಚ ಅರ್ಧಕ್ಕೆ ನಿಂತಿದೆ" ಎಂದು ಬಾಗಿಲ ಬಳಿ ಹೋಗಿ ಚಪ್ಪಲಿಗಾಗಿ ಕಾಲು ಚಾಚಿದ. ಚಪ್ಪಲಿ ಮೆಟ್ಟಲು ಬಗ್ಗಿದವನಿಗೆ ಮತ್ತೆ ಆ ಸಿಳ್ಳೆ ಬಂತು. ಬಾಗಿಲ ಚೌಕಟ್ಟು ಹಿಡಿದು ನಿಂತ. ಮೂರನೇ ಮಹಡಿಯ ಬಾಗಿಲ ಹಿಂದೆ ನಿಂತು ಕೇಳಿದ ಸದ್ದೇ ಅದು. ಇಲ್ಲಿ ನಡುವೆ ಬಾಗಿಲಿರಲಿಲ್ಲ.

"ಹೊಸದು ಸರಿ" ಎಂದ ಅವನು. ದನಿ ಬೇರೆ ಯಾರದೋ ಎಂಬಂತೆ ಕೇಳಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮ್ಯಾನೇಜರ ಹುಬ್ಬು ಮೇಲೇರಿದ್ದನ್ನು ಕಂಡದ್ದೇ ನಾಲಗೆ ತನ್ನ ಹಳೆಯ ಚಾಳಿಗೆ ಬಿತ್ತು. "ಹಳೇದೂ ಸರಿಯಾಗೇ ಇದೆ. ನರ್ಸಮ್ಮ ಹುಟ್ಟಿದ ವರ್ಷ ತಪ್ಪು ಹಾಕಿದಾರೆ. ವಯಸ್ಸು ಹತ್ತು ಹೆಚ್ಚು ಬಂದಿದೆ."

ನರ್ಸಮ್ಮ ಗೋಡೆಗೆ ತಾಗಿ ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದಳು. ಅವಳಿಗೆ ಸಿಟ್ಟು ಬಂದಂತಿರಲಿಲ್ಲ, ದಿಗಿಲಾಗಿತ್ತು. "ನೀವೇ ಹೇಳಿದ್ರಲ್ಲ ಸಾರ್, ಹತ್ತು ಕಳೆದು ಬರೀರಿ ಅಂತ. ಎಲ್ಲರಿಗೂ ಕಳೀತಾನೇ ಇದೀನಿ. ಒಬ್ಬರಿಗೂ ಮರೆತಿಲ್ಲ."

"ಅದು ಆಗ. ಗಡಿಯಾರ ಹಿಂದಿಟ್ಟಿದ್ದಾಗ."

"ಈಗ ಇಟ್ಟಿಲ್ವಾ?"

ಅವನು ಪರದೆಯ ಮೂಲೆಯ ಗಡಿಯಾರದತ್ತ ನೋಡಿದ.

"ಯಾವಾಗಿಂದ ಇಟ್ಟಿಲ್ಲ ಸಾರ್?"

ಇಷ್ಟು ವರ್ಷದಲ್ಲಿ ಅವಳು ಕೇಳಿದ ಮೂರನೆಯ ಪ್ರಶ್ನೆ ಅದು, ಅವನಿಗೆ ಹಾಗೆ ಅನಿಸಿತು. ಎರಡು ವರ್ಷ ಆಯ್ತು ಎಂದ. ಡಾಕ್ಟರು ಈ ಸಲ ಗಡಿಯಾರದಿಂದ ಕಣ್ಣು ಕಿತ್ತು, ನಿಧಾನವಾಗಿ, "ಹಾಗಾದ್ರೆ ಎರಡು ವರ್ಷದಿಂದ ನಾನು ಸಹಿ ಹಾಕಿರೋದೆಲ್ಲ" ಎಂದು ಶುರುಮಾಡಿ ಮುಗಿಸದೆ ಬಿಟ್ಟರು. ಎಲ್ಲರನ್ನೂ ಮತ್ತೆ ಊದಿಸಬೇಕು ಎಂದು ಮ್ಯಾನೇಜರು ಯಾರಿಗೋ ಫೋನ್ ಮಾಡಲು ಹೊರಗೆ ಹೋದರು. ಹೋಗುವಾಗ ಅವನನ್ನು ಒಂದು ಸಲ ನೋಡಿದರು. ನೀವಿದ್ದೀರಲ್ಲ ಎಂದು ಹೇಳಿದ ಕಣ್ಣುಗಳೇ ಅವು, ಈಗ ಅಲ್ಲಿ ಯಾರೂ ಇಲ್ಲ ಎನ್ನುವಂತೆ ಅವನನ್ನು ಹಾದುಹೋದವು. ಬೈದಿದ್ದರೆ ಚೆನ್ನಾಗಿತ್ತು. ಬೈಯುವ ಮ್ಯಾನೇಜರನ್ನು ತಿರಸ್ಕರಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ನರ್ಸಮ್ಮ ಕುರ್ಚಿಯ ಹತ್ತಿರ ಬಂದು, "ಸ್ವಲ್ಪ ಏಳ್ತೀರಾ ಸಾರ್, ನಾನು ಕೂತ್ಕೋಬೇಕು" ಎಂದಳು. ಅವನು ಎದ್ದ.

ಭಾವಮೈದ ಅರ್ಧ ಮೆಟ್ಟಿದ ಚಪ್ಪಲಿಯನ್ನು ಮತ್ತೆ ಬಿಟ್ಟು ಒಳಗೆ ಬಂದ. ಅವನಿಗೆ ಗಡಿಯಾರ, ವರ್ಷ, ಹತ್ತು ಯಾವುದೂ ಅರ್ಥವಾದಂತೆ ಕಾಣಲಿಲ್ಲ. ಬಣ್ಣ ಮಾತ್ರ ಅರ್ಥವಾಗಿತ್ತು. "ಹಾಗಾದ್ರೆ ನಂಗೆ ನಿಜವಾಗ್ಲೂ ಏನೋ ಆಗಿದೆ ಅಲ್ವಾ ಭಾವ?" ಎಂದ. ಅವನ ಮುಖ ಅರಳುತ್ತಿತ್ತು. ಬಹುಮಾನ ಬಂದವನಂತೆ ಅರಳುತ್ತಿತ್ತು. ಎದೆ ಕೆಟ್ಟಿದೆ ಎಂದು ತಿಳಿದು ಕುಣಿಯುವ ಇಂಥ ಮಂಕನನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಅವನ ಮನಸ್ಸು ಅಭ್ಯಾಸಬಲದಿಂದ ಹೇಳಿಕೊಂಡಿತು. ಆ ಮಾತಿಗೆ ಹುರುಪೇ ಇರಲಿಲ್ಲ.

"ಆಗಿದೆ" ಎಂದ.

"ನಾನು ಸುಳ್ಳು ಹೇಳ್ತಿರ್ಲಿಲ್ಲ."

"ಇಲ್ಲ."

"ಒಂದು ಕೆಲಸ ಮಾಡಿ ಭಾವ. ಅಕ್ಕಂಗೆ ಈಗ್ಲೇ ಫೋನ್ ಮಾಡಿ ಹೇಳಿ. ನಾನು ಹೇಳಿದ್ರೆ ಅವಳು ನಂಬಲ್ಲ. ಮೊದಲೆಲ್ಲ ಬಾಗಿಲು ತೆಗ್ದು ನಿಂತಿರ್ತಿದ್ಳು, ಈಗ ಅವಳೂ ನಂಬಲ್ಲ. ನೀವು ಹೇಳಿದ್ರೆ ನಂಬ್ತಾಳೆ."

ಡಾಕ್ಟರು, ನರ್ಸಮ್ಮ, ಕಂಪನಿಯವನು ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಹೊರಗೆ ಹೋಗಿ ಮಾಡೋಣ ಎಂದುಕೊಂಡ. ಭಾವಮೈದ ದಾರಿಗೆ ಅಡ್ಡ ನಿಂತಿದ್ದ. ಅಲ್ಲಿಯೇ ಮಾಡಿದ. ಅವಳು ಎತ್ತಿದಳು. ಹಿಂದೆ ನಲ್ಲಿಯ ಸದ್ದು ಕೇಳುತ್ತಿತ್ತು. ಅವನು ಚಿಕ್ಕದಾಗಿ ಹೇಳಿದ: ಸಣ್ಣನ ಪರೀಕ್ಷೆ ಆಯಿತು, ಉಸಿರು ನಿಜವಾಗಿಯೂ ಕಡಿಮೆ ಇದೆ, ಹಿಂದಿನ ಎರಡು ಸಲವೂ ತಪ್ಪಾಗಿ ಬಂದಿತ್ತು. ನಲ್ಲಿ ನಿಂತಿತು. ತಪ್ಪು ಹೇಗಾಯಿತು ಎಂದು ಅವಳು ಕೇಳಿದಳು. ಕಂಪ್ಯೂಟರಿಂದು ಎಂದ. "ಅದನ್ನ ನೋಡ್ಕೊಳ್ಳೋರು ನೀವಲ್ವಾ" ಎಂದಳು. ಅದರಲ್ಲಿ ಆರೋಪವಿರಲಿಲ್ಲ, ಗೊತ್ತಿಲ್ಲದ್ದನ್ನು ವಿಚಾರಿಸುವವಳ ಹಾಗೆ ಕೇಳಿದ್ದಳು. ಹೌದು ಎಂದ. ಆಮೇಲೆ ಅವಳ ಉಸಿರು ಮಾತ್ರ ಕೇಳುತ್ತಿತ್ತು. ತಾನು ಏನಾದರೂ ಹೇಳಬೇಕು, ಒಂದೇ ಒಂದು ಮಾತು, ಎಂದು ಹುಡುಕಿದ. ಬಾಯಿಗೆ ಬಂದದ್ದೆಲ್ಲ ಯಾರನ್ನೋ ಹೀಗಳೆಯುವ ಮಾತೇ ಆಗಿತ್ತು. ಡಾಕ್ಟರು ಹಾಳೆ ಓದುವುದಿಲ್ಲ, ನರ್ಸಮ್ಮ ಕೇಳುವುದಿಲ್ಲ, ಮ್ಯಾನೇಜರು ಹೊಸದು ತರಿಸುವುದಿಲ್ಲ.

"ಅವನ ಕೈಗೆ ಫೋನ್ ಕೊಡಿ" ಎಂದಳು ಹೆಂಡತಿ.

ಕೊಟ್ಟ. ಭಾವಮೈದ ಎರಡೂ ಕೈಯಲ್ಲಿ ಫೋನು ಹಿಡಿದು, ಗೋಡೆಯ ಕಡೆ ತಿರುಗಿ, "ಅಕ್ಕಾ" ಎಂದ. ಆ ಕಡೆಯಿಂದ ಅಳು ಕೇಳಿಸುತ್ತಿತ್ತು; ಅವಳು ಹೀಗೆ ಅಳುವುದನ್ನು ಅವನು ಈವರೆಗೆ ಕೇಳಿರಲಿಲ್ಲ. ಸಣ್ಣ ಅವಳನ್ನು ಸಮಾಧಾನ ಮಾಡುತ್ತಿದ್ದ. ಇಲ್ಲ ಅಕ್ಕ, ಹೆಚ್ಚೇನಿಲ್ಲ, ಪ್ಯಾಕಿಂಗ್‌ಗೆ ಹಾಕ್ತಾರಂತೆ, ಅಳಬೇಡ, ನೀನು ನಕ್ಕಿದ್ದೆಲ್ಲ ನಂಗೆ ನೆನಪೂ ಇಲ್ಲ. ಆಮೇಲೆ ಅವಳು ಏನೋ ಹೇಳಿರಬೇಕು. ಅವನು ಒಮ್ಮೆ ಹಿಂತಿರುಗಿ ಭಾವನನ್ನು ನೋಡಿ, ಇವನಿಗೆ ಕೇಳಿಸಬಾರದೆಂದು ದನಿ ಇಳಿಸಿದ. ಪುಟ್ಟ ಕೋಣೆ, ಕೇಳಿಸಿತು.

"ಅವರಿಗೆ ಏನೂ ಅನ್ಬೇಡಕ್ಕ. ಪಾಪ, ಅವರಿಗೂ ಗೊತ್ತಾಗಿರ್ಲಿಲ್ಲ."